ಬರ್ತೀನಿ ಅಂದ ಹತ್ತೊಂಬತ್ತು ದಿನ

"ಅತ್ತೆ, ಹೋಗ್ತೀನಿ."

"ಬಾಯಿ ತೊಳ್ಕೋ ಹೋಗು. ಬರ್ತೀನಿ ಅನ್ನು."

"ಬರ್ತೀನಿ. ಬರ್ದೇ ಎಲ್ಲಿ ಹೋಗ್ಲಿ? ಸಂಜೆ ನಿಮ್ಮ ಕಣ್ಣಿಗೆ ಔಷಧಿ ಬಿಡೋರು ಯಾರು?"

ಹೊಸ್ತಿಲಲ್ಲಿ ದಿನಾ ನಡೆಯುವ ಅತ್ತೆ-ಸೊಸೆಯ ಈ ಮಾತುಕತೆಗೆ ಹನ್ನೊಂದು ವರ್ಷ ತುಂಬಿತ್ತು. ಹನ್ನೊಂದು ವರ್ಷದ ಹಿಂದೆ ಅತ್ತೆಯ ಮಗ, ಅಂದರೆ ಅವಳ ಗಂಡ, ಇದೇ ಹೊಸ್ತಿಲಲ್ಲಿ ನಿಂತು ಲಕ್ಷಣವಾಗಿ "ಬರ್ತೀನಿ" ಅಂದು ಹೊರಟವನು ಬರಲೇ ಇಲ್ಲ. ಸತ್ತಿರಲಿಲ್ಲ. ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿಕೊಂಡು ಗಟ್ಟಿಮುಟ್ಟಾಗಿದ್ದ. ಅವನ ಛತ್ರಿ ಮಾತ್ರ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಬಿಟ್ಟುಹೋದವನ ತಾಯಿಯೂ ಹೆಂಡತಿಯೂ ಒಂದೇ ಸೂರಿನಡಿ ಹೇಗಿದ್ದೀರಿ ಎಂದು ಯಾರಾದರೂ ಕೆದಕಿದರೆ ಅವಳು, "ಇಬ್ಬರನ್ನೂ ಒಟ್ಟಿಗೇ ಬಿಟ್ಟುಹೋದ. ಅದಕ್ಕೆ ಒಟ್ಟಿಗೇ ಇದ್ದೀವಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕಟ್ಟಡ ಗುತ್ತಿಗೆದಾರರ ಕಚೇರಿಯಲ್ಲಿ ಅವಳದು ಅಂದಾಜು ಹಾಕುವ ಕೆಲಸ. ಒಂದು ಕಟ್ಟಡಕ್ಕೆ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು, ಎಷ್ಟು ಆಳು, ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟು ದಿನ ಎಂದು ನಕ್ಷೆ ನೋಡಿ ಹೇಳಬೇಕು. ಹತ್ತೊಂಬತ್ತು ವರ್ಷದಲ್ಲಿ ಅವಳ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಅಂದಾಜಕ್ಕ. ಹಾಲು ಉಕ್ಕಲು ಎಷ್ಟು ನಿಮಿಷ, ಮೇಲ್ವಿಚಾರಕರ ಸಿಟ್ಟು ಇಳಿಯಲು ಎಷ್ಟು ದಿನ ಎಂದು ಕೂಡ ಅವಳನ್ನೇ ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು, ಹೆಚ್ಚುಕಡಿಮೆ ಹಾಗೆಯೇ ಆಗುತ್ತಿತ್ತು. ಗಂಡ ಯಾವಾಗ ಬರುತ್ತಾನೆ ಎಂಬ ಒಂದನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆ ದಿನ ಯಜಮಾನರು ಅವಳ ಮೇಜಿನ ಮೇಲೆ ದಪ್ಪ ರಟ್ಟಿನ ಒಂದು ಪುಸ್ತಕ ತಂದಿಟ್ಟರು. ಆಸ್ಪತ್ರೆ ಕಟ್ಟಡದ ಸೈಟ್ ಡೈರಿ.

"ಅಮ್ಮಾ, ಕೆಲಸ ಹತ್ತೊಂಬತ್ತು ದಿನ ಹಿಂದೆ ಬಿದ್ದಿದೆ. ವಿಳಂಬದ ಕ್ಲೇಮು ಬರೀಬೇಕು. ಕಟ್ಟಿಸೋರ ಕಡೆ ಇನ್ಸ್‌ಪೆಕ್ಟರಮ್ಮ ನಾಲ್ಕನೇ ಮಹಡೀಗೆ ಒಂದು ತಡೆ ಚೀಟಿ ಕೊಟ್ಟು ಕೂತುಬಿಟ್ರು. ಪೂರಾ ಅವರ ತಲೆಗೆ ಕಟ್ಟು."

ವಿಳಂಬದ ಕ್ಲೇಮಿಗೆ ನಾಲ್ಕು ಕಾಲಂ. ಯಾವ ದಿನ, ಏನು ನಿಂತಿತು, ಯಾಕೆ ನಿಂತಿತು, ಕೊನೆಯದು ಯಾರಿಂದ. ಆ ಕೊನೆಯ ಕಾಲಮಿಗೆ ಕಚೇರಿಯಲ್ಲಿ 'ತಲೆ' ಎಂದೇ ಹೆಸರು. ಕಳೆದ ಪ್ರತಿ ದಿನಕ್ಕೂ ಒಂದು ತಲೆ ಹುಡುಕಲೇಬೇಕು. ನಮ್ಮ ತಲೆಯಾದರೆ ದಂಡ ನಮಗೆ, ಅವರ ತಲೆಯಾದರೆ ಅಷ್ಟು ದಿನವೂ ಖರ್ಚೂ ನಮಗೆ ವಾಪಸ್ಸು.

"ಕಾರಣದ ಕಾಲಮಲ್ಲಿ 'ಅನಗತ್ಯ ತಡೆ' ಅಂತ ಒತ್ತಿ ಬರಿ," ಎಂದರು ಯಜಮಾನರು. "ಯಾಕಂದ್ರೆ ಈಗ ಐದನೇ ಮಹಡೀನೂ ಹಾಕಿದ್ದೀವಿ. ಅಲ್ಲೂ ಕಾಯ್ತಾ ಕೂತ್ರೆ ನಾಲ್ಕನೇದರ ತಡೆಯೂ ಅಗತ್ಯವೇ ಇತ್ತು ಅಂತ ನಾವೇ ಒಪ್ಪಿದ ಹಾಗೆ. ಅದಕ್ಕೇ ನಾಡಿದ್ದು, ಸರಿಯಾಗಿ ಒಂಬತ್ತನೇ ದಿನಕ್ಕೆ ಜಾಕಿ ಬಿಚ್ಚಿಸ್ತಿದ್ದೀನಿ. ನಿನ್ನ ಅಂದಾಜಲ್ಲಿ ಇರೋ ಹಾಗೇನೇ."

ಜಾಕಿ ಎಂದರೆ ತಿರುಪಿ ಎತ್ತರಿಸುವ ಕಬ್ಬಿಣದ ಆಸರೆ ಕಂಬ. ಹಸಿ ಕಾಂಕ್ರೀಟು ಗಟ್ಟಿಯಾಗುವ ತನಕ ಸ್ಲ್ಯಾಬನ್ನು ಹೊತ್ತು ನಿಲ್ಲುವುದು ಅದೇ. ಆಸ್ಪತ್ರೆಯ ಪ್ರತಿ ಮಹಡಿಯ ಮುಂಭಾಗದಲ್ಲೂ ಸ್ಲ್ಯಾಬು ಗೋಡೆ ದಾಟಿ ಹೊರಕ್ಕೆ ಚಾಚಿಕೊಂಡಿತ್ತು. ಆ ಚಾಚಿನ ಕೆಳಗೆ ನಲವತ್ತೆರಡು ಜಾಕಿ. ಸೈಟಿನಲ್ಲಿದ್ದುದು ಅದೊಂದೇ ಜೊತೆಯಾದ್ದರಿಂದ ಒಂದು ಮಹಡಿಯಲ್ಲಿ ಬಿಚ್ಚದೆ ಮುಂದಿನದಕ್ಕೆ ನಿಲ್ಲಿಸುವಂತಿರಲಿಲ್ಲ.

ಅವಳು ಡೈರಿ ಬಿಡಿಸಿದಳು. ಬರೆದವರು ಸೈಟಿನ ಸೂಪರ್‌ವೈಸರ್. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆ ಮನುಷ್ಯ ಒಂದು ಬಂಡಿ ಮರಳು ಬಂದರೂ, ಒಂದು ನಾಯಿ ಗೇಟು ದಾಟಿದರೂ ಬರೆದಿಡುತ್ತಿದ್ದುದರಿಂದ ಅವರಿಗೆ ಡೈರಿಯಪ್ಪ ಎಂಬ ಹೆಸರು ಅಂಟಿತ್ತು. ಅಕ್ಷರ ದುಂಡಗೆ, ಸಾಲು ನೆಟ್ಟಗೆ.

ನಾಲ್ಕನೇ ಮಹಡಿ, ಸ್ಲ್ಯಾಬು ಹಾಕಿದ ಒಂಬತ್ತನೇ ದಿನದ ಪುಟ: 'ಬೆಳಿಗ್ಗೆ ಹನ್ನೊಂದು ಹತ್ತು. ತಪಾಸಣೆಗೆ ಮೇಡಂ ಬಂದರು. ಕೀಲಿಗೊಂಚಲಿನಿಂದ ಒಂದೊಂದೇ ಜಾಕಿ ತಟ್ಟಿ ಎಣಿಸಿದರು. ನಲವತ್ತೆರಡು. ನಾನು ಹೇಳುವವರೆಗೆ ಬಿಚ್ಚಬೇಡಿ ಎಂದು ಚೀಟಿ ಕೊಟ್ಟರು. ಬರ್ತೀನಿ ಅಂದರು.'

ಹತ್ತನೇ ದಿನ: 'ಹನ್ನೊಂದು ಹತ್ತು. ಮೇಡಂ ಬಂದರು. ತಟ್ಟಿ ಎಣಿಸಿದರು. ನಲವತ್ತೆರಡು. ಬರ್ತೀನಿ ಅಂದರು.'

ಹನ್ನೊಂದನೇ ದಿನವೂ ಅದೇ. ಹನ್ನೆರಡನೇ ದಿನವೂ ಅದೇ. ಪುಟದ ಮೇಲೆ ಪುಟ, ಅದೇ ಹೊತ್ತು, ಅದೇ ಸಂಖ್ಯೆ, ಅದೇ ಮಾತು. ಇಪ್ಪತ್ತೆಂಟನೇ ದಿನಕ್ಕೆ ಬಂದಾಗ ಅವಳ ಬೆರಳು ನಿಂತಿತು.

'ಹನ್ನೊಂದು ಹತ್ತು. ಮೇಡಂ ಬಂದರು. ಎಣಿಸಿದರು. ಹೋಗ್ತೀನಿ ಅಂದರು. ಮಧ್ಯಾಹ್ನ ಜಾಕಿ ಬಿಚ್ಚಿದೆವು.'

ಹೋಗ್ತೀನಿ? ಹೊರಡುವ ಹೆಂಗಸಿನ ಬಾಯಲ್ಲಿ ಆ ಮಾತು! ಅತ್ತೆ ಕೇಳಿದ್ದರೆ ನೀರು ತಂದು ಬಾಯಿ ತೊಳೆಸುತ್ತಿದ್ದರು. ಅವಳಿಗೆ ನಗು ಬಂತು. ಆದರೂ ದಿನಾಂಕಗಳನ್ನು ತಾಳೆ ನೋಡದೆ ಕ್ಲೇಮು ಬರೆಯುವ ಅಭ್ಯಾಸ ಅವಳದಲ್ಲ. ಕಟ್ಟಿಸುವವರ ಕಚೇರಿಗೆ ಫೋನು ಮಾಡಿದಳು. ಗುಮಾಸ್ತರೊಬ್ಬರು ಎತ್ತಿಕೊಂಡರು.

"ಆಸ್ಪತ್ರೆ ಸೈಟಿನ ಇನ್ಸ್‌ಪೆಕ್ಟರ್ ಮೇಡಂ ಹತ್ರ ಮಾತಾಡಬೇಕಿತ್ತು."

"ಅವರು ಹೋದ್ರಲ್ಲಮ್ಮ."

"ಯಾವಾಗ ಬರ್ತಾರೆ?"

"ಹೋದ್ರು ಅಂದ್ರೆ... ತೀರಿಕೊಂಡ್ರು. ಒಂದೂವರೆ ತಿಂಗಳಾಯ್ತು. ನಿಮ್ಮ ಸೈಟಿಂದಲೇ ಬಂದ್ರು, ಇಲ್ಲಿ ಮೆಟ್ಟಿಲ ಮೇಲೆ ಕೂತ್ರು, ಏಳಲೇ ಇಲ್ಲ. ಕೀಲಿಗೊಂಚಲು ಕೈಯಲ್ಲೇ ಇತ್ತು. ಅವರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ."

"ತಾರೀಖು?"

ಗುಮಾಸ್ತರು ಹೇಳಿದರು. ಅವಳು ಡೈರಿ ನೋಡಿದಳು. ನಾಲ್ಕನೇ ಮಹಡಿಯ ಒಂಬತ್ತನೇ ದಿನ.

ಫೋನು ಇಟ್ಟ ಮೇಲೆ ಬಹಳ ಹೊತ್ತು ಅವಳು ಹತ್ತನೇ ದಿನದ ಪುಟವನ್ನೇ ನೋಡುತ್ತಾ ಕುಳಿತಳು. ಹೊರಗೆ ಬಿಸಿಲು ಚೆನ್ನಾಗಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಮುದ್ರಣ ಯಂತ್ರವನ್ನು ಬೈಯುತ್ತಿದ್ದರು.

ಟಣ್.

ಅವಳ ಹಿಂದೆ ಗೋಡೆಗೆ ಒರಗಿಸಿದ್ದ ಕಬ್ಬಿಣದ ಬೀರುಗಳ ಸಾಲು. ಅದರ ಮೊದಲನೆಯದರ ಮೇಲೆ ಯಾರೋ ಕೀಲಿಯಿಂದ ತಟ್ಟಿದಂತೆ. ಟಣ್. ಎರಡನೆಯದು. ಟಣ್. ಅವಳು ತಿರುಗಲಿಲ್ಲ. ಹತ್ತೊಂಬತ್ತು ವರ್ಷದ ಚಟ, ಏನು ಕೇಳಿದರೂ ಎಣಿಸುವುದು. ಬೀರು ಇದ್ದದ್ದು ಆರೇ. ತಟ್ಟುವುದು ಮಾತ್ರ ನಲವತ್ತೆರಡಕ್ಕೆ ನಿಂತಿತು. ಗಡಿಯಾರ ನೋಡಿದಳು. ಹನ್ನೊಂದು ಹನ್ನೆರಡು.

ಯಜಮಾನರ ಕೋಣೆಗೆ ಹೋಗಿ ಸಾವಿನ ವಿಷಯ ಹೇಳಿ ಡೈರಿಯ ಪುಟಗಳನ್ನು ತೋರಿಸಿದಳು, ತಟ್ಟಿದ ಸದ್ದಿನ ಮಾತೆತ್ತಲಿಲ್ಲ.

"ಅಯ್ಯೋ ಪಾಪ," ಎಂದರು ಅವರು. ನಿಜವಾಗಿಯೇ ಮರುಗಿದರು. ಆಮೇಲೆ ಕನ್ನಡಕ ಒರೆಸಿಕೊಂಡರು. "ಡೈರಿಯಪ್ಪನಿಗೆ ಬುದ್ಧಿ ಮಂಕಾಗಿದೆ. ಆ ಪುಟಗಳನ್ನ ಕ್ಲೇಮಿಗೆ ಹಚ್ಚಬೇಡ. ಚೀಟಿ ಕೊಟ್ಟರು, ವಾಪಸ್ ತಗೊಳ್ಳಲಿಲ್ಲ, ಅಷ್ಟೇ ಸಾಕು. ಸತ್ತೋರು ಬಂದು ಇಲ್ಲ ಅಂತಾರಾ?"

"ಮೇಡಂ ಹೆಸರಿಗೆ ಮಸಿ ಆಗುತ್ತಲ್ಲ ಸಾರ್. ಸುಮ್ಮನೆ ಕೆಲಸ ನಿಲ್ಲಿಸಿದ್ರು ಅಂತ ಅವರ ಫೈಲಲ್ಲಿ ಕೂತ್ಕೊಳ್ಳುತ್ತೆ."

"ಇರೋರ ಹೆಸರು ಉಳಿಸೋಣಮ್ಮ ಮೊದಲು. ನಾಳೆ ಸಂಜೆ ಒಳಗೆ ನಿನ್ನ ಸಹಿ ಬೇಕು."

ಅವಳು ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಎರಡು ಲೋಟ ಚಹಾ ತಂದಿಟ್ಟರು. ಅತ್ತೆ ಚಹಾ ಕುಡಿಯುವವರಲ್ಲ.

"ಇನ್ನೊಂದು ಯಾರಿಗೆ?"

"ನಿನ್ನ ಹಿಂದೆ ಬಂದೋರಿಗೆ. ಯಾರೇ ಅದು? ಕೀಲಿ ಅಲ್ಲಾಡಿಸ್ತಾ ಬಾಗಿಲಲ್ಲೇ ನಿಂತ್ರು. ಒಳಗೆ ಕರೀಬಾರದಾ? ನನ್ನ ಕಣ್ಣಿಗೆ ಪೊರೆ, ನಿನಗೇನು ಬಂದಿದೆ ರೋಗ?"

"ಯಾರೂ ಬಂದಿಲ್ಲ ಅತ್ತೆ."

"ಹಾಗಾದ್ರೆ ನೀನೇ ಎರಡೂ ಕುಡಿ," ಎಂದು ಅತ್ತೆ ಮುಖ ಊದಿಸಿಕೊಂಡರು. ಸ್ವಲ್ಪ ಹೊತ್ತಿಗೆ ತಮ್ಮಷ್ಟಕ್ಕೆ, "ಒಳ್ಳೆ ಹೆಂಗಸು. ಏನೋ ಹೇಳೋಕೆ ಬಂದ ಹಾಗಿತ್ತು" ಅಂದರು.

ಅವಳು ಎರಡೂ ಲೋಟ ಮುಂದಿಟ್ಟುಕೊಂಡು ಕುಳಿತಳು. ಸತ್ತವರ ಭಯಕ್ಕಿಂತ ಬೇರೊಂದು ಯೋಚನೆ ಅವಳನ್ನು ಕೊರೆಯುತ್ತಿತ್ತು. ಇಪ್ಪತ್ತೆಂಟನೇ ದಿನವೇ ಯಾಕೆ? ಹೋಗುವವರು ಇಪ್ಪತ್ತೈದಕ್ಕೆ ಹೋಗಬಹುದಿತ್ತು, ಮೂವತ್ತಕ್ಕೆ ಹೋಗಬಹುದಿತ್ತು. ಇಪ್ಪತ್ತೆಂಟು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಸಂಖ್ಯೆ. ಎರಡು ಕಡೆ ಗೋಡೆಯ ಮೇಲೆ ಕೂತ ಸ್ಲ್ಯಾಬಿಗೆ ಆಸರೆ ಒಂಬತ್ತು ದಿನ ಸಾಕು. ಒಂದೇ ಕಡೆ ಹಿಡಿತವಿದ್ದು ಇನ್ನೊಂದು ಕಡೆ ಗಾಳಿಯಲ್ಲಿ ನಿಲ್ಲುವ ಚಾಚಿಗೆ ಇಪ್ಪತ್ತೆಂಟು ಬೇಕು. ಅದನ್ನು ಕಚೇರಿಗೆ ಹೊಸದಾಗಿ ಸೇರಿದವರಿಗೆಲ್ಲ ಕಲಿಸುತ್ತಿದ್ದವಳೇ ಅವಳು.

'ನಿನ್ನ ಅಂದಾಜಲ್ಲಿ ಇರೋ ಹಾಗೇನೇ' ಎಂದಿದ್ದರು ಯಜಮಾನರು.

ಮಾರನೇ ದಿನ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಕಂಪ್ಯೂಟರಿನಲ್ಲಿ ಆಸ್ಪತ್ರೆಯ ಅಂದಾಜು ಪಟ್ಟಿ ತೆರೆದಳು. ಮೊದಲನೇ ಮಹಡಿಯಿಂದ ಮೂರನೆಯದರ ತನಕ ಚಾಚಿನ ಸಾಲಿನಲ್ಲಿ ಇಪ್ಪತ್ತೆಂಟು. ನಾಲ್ಕರಲ್ಲಿ ಒಂಬತ್ತು. ಐದರಲ್ಲಿ ಒಂಬತ್ತು. ಮೇಲಿನ ಸಾಲು ಹಿಡಿದು ಕೆಳಕ್ಕೆ ಎಳೆಯುವಾಗ ಮೌಸು ಒಂದು ಮನೆ ತಪ್ಪಿ, ಗೋಡೆ ಮೇಲಿನ ಸ್ಲ್ಯಾಬಿನ ಒಂಬತ್ತು ಚಾಚಿನ ಸಾಲಿಗೆ ಇಳಿದಿತ್ತು. ಆ ದಿನ ಅವಳಿಗೆ ನೆನಪಿತ್ತು. ಅತ್ತೆ ಬಚ್ಚಲಲ್ಲಿ ಜಾರಿಬಿದ್ದರೆಂದು ಪಕ್ಕದ ಮನೆಯವರು ಫೋನು ಮಾಡಿದ್ದರು. ಒಂದು ಕೈಯಲ್ಲಿ ಚೀಲ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಪಟ್ಟಿ ಮುಗಿಸಿ ಓಡಿದ್ದಳು. ಮತ್ತೆ ತಿರುಗಿ ನೋಡಿರಲಿಲ್ಲ. ಅಂದಾಜಕ್ಕನ ಲೆಕ್ಕವೆಂದು ಬೇರೆಯವರೂ ನೋಡಿರಲಿಲ್ಲ.

ಇಪ್ಪತ್ತೆಂಟರಲ್ಲಿ ಒಂಬತ್ತು ಕಳೆದರೆ ಹತ್ತೊಂಬತ್ತು. ಕಳೆದುಹೋದ ದಿನಗಳಿಗೆ ತಲೆ ಹುಡುಕುತ್ತಿದ್ದಳಲ್ಲ, ತಲೆ ಅವಳ ಕುತ್ತಿಗೆಯ ಮೇಲೆಯೇ ಇತ್ತು.

ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅನಗತ್ಯ ತಡೆ. ಹತ್ತೊಂಬತ್ತು ವರ್ಷದ ಹೆಸರು ಉಳಿಯುತ್ತದೆ, ಅತ್ತೆಯ ಔಷಧಿ ನಡೆಯುತ್ತದೆ. ಸತ್ತ ಹೆಂಗಸಿನ ಫೈಲಿನಲ್ಲಿ ಒಂದು ಕೆಟ್ಟ ಮಾತು ಕೂರುತ್ತದೆ. ಮತ್ತು ನಾಳೆ ಐದನೇ ಮಹಡಿಯ ಜಾಕಿ ಬಿಚ್ಚುತ್ತಾರೆ. ಆ ಚಾಚಿನ ಕೆಳಗಿನ ನೆರಳಿನಲ್ಲೇ ಮಧ್ಯಾಹ್ನ ಹಲಗೆ, ಜಾಕಿ ಕಟ್ಟಿ ಬಿಚ್ಚುವ ಸೆಂಟ್ರಿಂಗಿನವರೂ ಇಟ್ಟಿಗೆ ಹೊರುವ ಹೆಂಗಸರೂ ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಾರೆ.

ಚೀಲ ಎತ್ತಿಕೊಂಡು ಅವಳು ಸೈಟಿಗೆ ನಡೆದಳು.

ಡೈರಿಯಪ್ಪ ತಗಡಿನ ಶೆಡ್ಡಿನಲ್ಲಿ ಹೊಸ ಡೈರಿಗೆ ಗೆರೆ ಹಾಕುತ್ತಿದ್ದರು. "ಬಾ ಅಕ್ಕ, ಕೂತ್ಕೋ. ನನ್ನ ಡೈರಿ ಓದಿ ಓಡಿ ಬಂದ್ಯಾ? ಹುಚ್ಚು ಹಿಡಿದಿದೆ ಅಂತ ಯಜಮಾನರು ಆಗಲೇ ಫೋನಲ್ಲಿ ಮಂಗಳಾರತಿ ಮಾಡಿದ್ರು."

"ಮೇಡಂ ತೀರಿಕೊಂಡಿದ್ದು ನಿಮಗೆ ಗೊತ್ತಿರಲಿಲ್ವಾ?"

"ನಾಲ್ಕು ದಿನ ಆದ್ಮೇಲೆ ಗೊತ್ತಾಯ್ತು. ಯಜಮಾನರಿಗೆ ಹೇಳಿದ್ರೆ ಅವತ್ತೇ ಬಿಚ್ಚಿಸ್ತಿದ್ರು, ಅದಕ್ಕೇ ಹೇಳ್ಲಿಲ್ಲ." ಅವರು ಗೆರೆ ಹಾಕುವುದನ್ನು ನಿಲ್ಲಿಸಲಿಲ್ಲ. "ಹನ್ನೊಂದು ಹತ್ತಕ್ಕೆ ಮೇಲಿಂದ ಸದ್ದು ಬರ್ತಿತ್ತು. ಹತ್ತಿ ನೋಡಿದ್ರೆ ಯಾರೂ ಇಲ್ಲ. ಆದ್ರೆ ಎಣಿಕೆ ಕೇಳ್ತಿತ್ತು, ಇಳಿಯೋವಾಗ ಬರ್ತೀನಿ ಅನ್ನೋದೂ ಕೇಳ್ತಿತ್ತು. ಡೈರೀಲಿ ಏನು ನಡೀತೋ ಅದನ್ನ ಬರೀಬೇಕು. ಇಂಥೋರು ನಡೆಸಿದ್ದು ಬರೀಬೇಡಿ ಅಂತ ಎಲ್ಲೂ ಇಲ್ವಲ್ಲ."

"ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಆದ್ರೆ ಅಕ್ಕ, ಹೊರಡೋವಾಗ ಎಲ್ಲರೂ ಬರ್ತೀನಿ ಅಂತಾರೆ. ಸುಮ್ಮನೆ ಬಾಯಿಮಾತು. ನಾನು ಮೊದಲನೇ ದಿನ ಅದನ್ನ ನಿಜ ಅಂದ್ಕೊಂಡು ಬರ್ದುಬಿಟ್ಟೆ ನೋಡು. ಬರ್ತೀನಿ ಅಂದಿದ್ದಾರೆ, ಕಾಯೋಣ ಅಂತ ಸೆಂಟ್ರಿಂಗಿನೋರಿಗೂ ಹೇಳ್ದೆ. ಬರವಣಿಗೇಲಿ ಬಿದ್ದ ಮೇಲೆ ಆಯಮ್ಮನಾದ್ರೂ ಏನು ಮಾಡ್ತಾರೆ? ಬರ್ಲೇಬೇಕಾಯ್ತು."

ಅವಳಿಗೆ ಬಾಗಿಲ ಹಿಂದಿನ ಛತ್ರಿ ಕಣ್ಣಿಗೆ ಕಟ್ಟಿತು. ಬರ್ತೀನಿ ಎಂದು ಹೇಳಿ ಹೋಗಿ, ಹೇಳಿದಂತೆ ಬಂದವರ ವಿಷಯ ಅವಳು ಕೇಳಿದ್ದು ಅದೇ ಮೊದಲು.

ಆಗಲೇ ಮೇಲಿನಿಂದ ಸದ್ದು ಬಂತು. ಟಣ್. ಇಬ್ಬರೂ ತಲೆ ಎತ್ತಿದರು. ಟಣ್. ಟಣ್. ಡೈರಿಯಪ್ಪ ಗಡಿಯಾರ ನೋಡಿ ಪೆನ್ನು ಮುಚ್ಚಿದರು. "ಐದನೇ ಮಹಡಿಗೆ ಇವತ್ತೇ ಮೊದಲು," ಎಂದರು ಮೆಲ್ಲಗೆ. "ನಾಲ್ಕನೇದು ಮುಗಿದ ದಿನ ಹೋಗ್ತೀನಿ ಅಂದು ಹೋಗಿದ್ರಲ್ಲ. ಮತ್ತೆ ಯಾಕೆ?"

ಅವಳು ಮೆಟ್ಟಿಲು ಹತ್ತಿದಳು. ಹಿಡಿಕೆಯಿಲ್ಲದ ಒರಟು ಮೆಟ್ಟಿಲು, ಗೋಡೆಗೆಲ್ಲ ಸಿಮೆಂಟಿನ ಹಸಿ ವಾಸನೆ. ಮೇಲೆ ಚಾಚಿನ ಕೆಳಗೆ ಜಾಕಿಗಳು ಸಾಲಾಗಿ ನಿಂತಿದ್ದವು. ಹೊರಗೆ ರಣಬಿಸಿಲು, ಅಲ್ಲಿ ಮಾತ್ರ ಹಸಿ ನೆರಳು. ಯಾರೂ ಇರಲಿಲ್ಲ. ಸದ್ದು ಮಾತ್ರ ಒಂದು ಕಂಬದಿಂದ ಇನ್ನೊಂದಕ್ಕೆ ಅವಳ ಕಡೆಗೇ ನಡೆದು ಬರುತ್ತಿತ್ತು. ಹೆಂಗಸಿನ ನಡಿಗೆ, ಅವಸರವಿಲ್ಲದ್ದು. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು. ಅವಳ ಪಕ್ಕದ ಕಂಬಕ್ಕೆ ಬಂದು ಸದ್ದು ನಿಂತುಬಿಟ್ಟಿತು. ಒಂದು ತಟ್ಟು ಬಾಕಿ.

ಯಾರೋ ಹತ್ತಿರ ನಿಂತು ಕಾಯುತ್ತಿದ್ದರೆ ಗೊತ್ತಾಗುತ್ತದಲ್ಲ, ಅಂಥದ್ದೊಂದು ಕಾಯುವಿಕೆ. ಅದರಲ್ಲಿ ಸಿಟ್ಟಿರಲಿಲ್ಲ. ತಪ್ಪು ಕಂಡೂ ಬೈಯದ ಮೇಷ್ಟರ ಮುಂದೆ ನಿಂತಂತೆ ಅವಳ ಮೈ ಬಿಸಿಯಾಯಿತು.

"ನನ್ನದೇ," ಎಂದಳು. "ಒಂಬತ್ತು ಅಂತ ಬರ್ದಿದ್ದು ನಾನೇ."

ಚೀಲದಿಂದ ಮನೆಯ ಕೀಲಿ ತೆಗೆದು ಆ ಕಂಬವನ್ನು ತಟ್ಟಿದಳು. ನಲವತ್ತೆರಡು.

ಶೆಡ್ಡಿನ ಮುರುಕು ಮೇಜಿನ ಮೇಲೆಯೇ ಕಾಗದ ಹರಡಿ ಕ್ಲೇಮು ಬರೆದಳು. ಹತ್ತೊಂಬತ್ತು ದಿನಗಳಿಗೆ ಹತ್ತೊಂಬತ್ತು ಸಾಲು. ಕಾರಣದ ಕಾಲಮಲ್ಲಿ 'ಅಗತ್ಯ ತಡೆ'. ತಲೆಯ ಕಾಲಮಲ್ಲಿ ಪ್ರತಿ ಸಾಲಿಗೂ 'ನಮ್ಮದು, ಅಂದಾಜಿನ ತಪ್ಪು'. ಕೆಳಗೆ ಇನ್ನೊಂದು ಸಾಲು: ಐದನೇ ಮಹಡಿಯ ಆಸರೆ ಇಪ್ಪತ್ತೆಂಟು ದಿನ ತೆಗೆಯಕೂಡದು. ಸಹಿ ಹಾಕಿದಳು. ಒಂದು ಪ್ರತಿ ಯಜಮಾನರಿಗೆ, ಇನ್ನೊಂದು ಕಟ್ಟಿಸುವವರ ಕಚೇರಿಗೆ.

ಯಜಮಾನರು ಸಂಜೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಉಗಿದರು. "ನನ್ನ ಕುತ್ತಿಗೆ ಕೊಯ್ದೆ. ಅವರಿಗೂ ಒಂದು ಕಳಿಸಿದ್ದೀಯಲ್ಲ, ನನ್ನ ಕೇಳದೇ!"

"ಕೇಳಿದ್ರೆ ಬೇಡ ಅಂತಿದ್ರಿ ಸಾರ್."

"ಹತ್ತೊಂಬತ್ತು ವರ್ಷ ತಪ್ಪದೋಳು ತಪ್ಪಿದ್ದೂ ಅಲ್ದೆ, ಡಂಗುರ ಬೇರೆ!" ಅವರು ಅಂದಾಜು ಪಟ್ಟಿಯನ್ನು ಎರಡು ಸಲ ನೋಡಿದರು. ಮೂರನೇ ಸಲ ನೋಡುವಾಗ ದನಿ ಇಳಿಯಿತು. "ಕೆಳಗೆ ಎಷ್ಟು ಜನ ಊಟಕ್ಕೆ ಕೂರ್ತಾರೆ?"

"ಮೂವತ್ತು, ಮೂವತ್ತೈದು."

ಅವರು ಕಿಟಕಿಯ ಕಡೆ ತಿರುಗಿದರು. "ಅಂದಾಜಿನ ಕೆಲಸ ಇನ್ನು ನಿನ್ನ ಕೈಗೆ ಕೊಡಲ್ಲ. ಅದು ಮುಗೀತು. ಸೈಟಿಗೆ ಹೋಗಿ ಆ ಜಾಕಿಗಳನ್ನ ಕಾಯ್ಕೊಂಡು ಕೂರು. ಒಂದು ಅಲ್ಲಾಡಿದ್ರೂ ಕೇಳೋದು ನಿನ್ನನ್ನೇ."

ಹಾಗೆ ಅವಳು ಪ್ರತಿದಿನ ಹನ್ನೊಂದು ಹತ್ತಕ್ಕೆ ಐದನೇ ಮಹಡಿ ಹತ್ತತೊಡಗಿದಳು. ಕೀಲಿಯಿಂದ ಒಂದೊಂದೇ ತಟ್ಟುತ್ತಿದ್ದಳು. ಅವಳು ಬೆಸ ಕಂಬ ತಟ್ಟಿದರೆ ಸಮ ಕಂಬ ತಾನೇ ಟಣ್ ಎನ್ನುತ್ತಿತ್ತು. ಮೊದಲ ದಿನ ಪ್ರತಿ ಸದ್ದಿಗೂ ತಿರುಗಿ ನೋಡಿದಳು. ಆಮೇಲಾಮೇಲೆ, ಬಟ್ಟೆ ಹಿಂಡುವಾಗ ಇನ್ನೊಂದು ತುದಿ ಹಿಡಿದವರಿದ್ದಂತೆ, ಕೆಲಸ ಹಗುರಾಯಿತು. ಮನೆಯಲ್ಲಿ ಅತ್ತೆ ಎರಡನೇ ಲೋಟ ಇಡುವುದನ್ನು ಬಿಡಲಿಲ್ಲ. ಅವಳೂ ಬೇಡ ಅನ್ನುವುದನ್ನು ಬಿಟ್ಟಳು.

ಒಂದು ದಿನ ಡೈರಿ ಇಣುಕಿ ನೋಡಿದಳು. 'ಹನ್ನೊಂದು ಹತ್ತು. ಬಂದರು. ಎಣಿಸಿದರು. ನಲವತ್ತೆರಡು. ಬರ್ತೀನಿ ಅಂದರು.'

"ಯಾರು ಬಂದರು ಅಂತ ಬರ್ದೇ ಇಲ್ವಲ್ಲ. ಒಬ್ಬರೋ, ಇಬ್ಬರೋ?"

"ಬಂದರು ಅಂದ್ರೆ ಎರಡಕ್ಕೂ ಆಗುತ್ತೆ ಅಕ್ಕ," ಎಂದರು ಡೈರಿಯಪ್ಪ. "ದೊಡ್ಡೋರು ಒಬ್ಬರು ಬಂದ್ರೂ ಬಂದರು, ಇಬ್ಬರು ಬಂದ್ರೂ ಬಂದರು. ನಾನ್ಯಾಕೆ ಬಿಡಿಸಿ ಬರ್ದು ಬೈಸಿಕೊಳ್ಳಲಿ?"

ಇಪ್ಪತ್ತೆಂಟನೇ ದಿನ ಸೆಂಟ್ರಿಂಗಿನವರು ಚಾಚಿನ ಹೊರತುದಿಯಿಂದ ಶುರುಮಾಡಿ ಒಂದೊಂದೇ ಜಾಕಿ ಸಡಿಲಿಸಿದರು. ಕೊನೆಯದು ಕೆಳಗಿಳಿದಾಗ ಎಲ್ಲರೂ ಮೇಲೆ ನೋಡಿದರು. ಚಾಚು ಮಿಸುಕಲಿಲ್ಲ. ಇಟ್ಟಿಗೆ ಹೊರುವ ಹೆಂಗಸೊಬ್ಬಳು, "ಆಯ್ತೇನ್ರಪ್ಪ, ಡಬ್ಬಿ ಬಿಚ್ಚಬಹುದಾ?" ಎಂದು ಕೇಳಿದಳು.

ಸಂಜೆ ಅವಳು ಇಳಿದು ಬಂದಾಗ ಡೈರಿಯಪ್ಪ ಶೆಡ್ಡಿನಲ್ಲಿ ಇರಲಿಲ್ಲ. ಡೈರಿ ತೆರೆದಿತ್ತು, ಶಾಯಿ ಇನ್ನೂ ಹಸಿಯಾಗಿತ್ತು. ದುಂಡನೆಯ ಅಕ್ಷರದಲ್ಲಿ ಎರಡು ಸಾಲು:

'ಜಾಕಿ ಬಿಚ್ಚಿದೆವು. ಒಬ್ಬರು ಹೋಗ್ತೀನಿ ಅಂದರು.

ಇನ್ನೊಬ್ಬರು ಏನಂದರು ಎಂದು ಬರೆಯಲು ಜಾಗ ಬಿಟ್ಟಿದ್ದೇನೆ.'

ಅವಳು ನಿಂತು ಆ ಖಾಲಿ ಸಾಲನ್ನು ನೋಡಿದಳು. ಖಾಲಿ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಪೆನ್ನು ಎತ್ತಿಕೊಂಡು ಅತ್ತೆ ಹೇಳಿಕೊಟ್ಟ ಮಾತನ್ನೇ ಬರೆದಳು. ಆದರೆ ಈ ಸಲ ನಿಧಾನವಾಗಿ ಬರೆದಳು. ಬರೆದರೆ ಬರಲೇಬೇಕಾಗುತ್ತದೆ ಎಂದು ಗೊತ್ತಿದ್ದವಳ ಹಾಗೆ.